ಸ್ಪಷ್ಟನೆ: ಸಿಬಿಡಿ ಎಣ್ಣೆ ಅನೊರೆಕ್ಸಿಯಾಕ್ಕೆ ಮದ್ದೆಂದು ಸಾಬೀತಾಗಿಲ್ಲ

‘ಗಾಂಜಾ ಗಿಡದ ಸಿಬಿಡಿ ಎಣ್ಣೆಯಿಂದ ಅನೊರೆಕ್ಸಿಯಾ (ತೂಕ ಹೆಚ್ಚುವ ಭಯದಿಂದ ಊಟ ಬಿಡುವ ಮಾನಸಿಕ ಕಾಯಿಲೆ) ಇರುವವರ ಆತಂಕ ಇಳಿದು ಹಸಿವು ಹೆಚ್ಚುತ್ತದೆ, ಇದು ಸಂಶೋಧನೆಯಲ್ಲಿ ಸಾಬೀತಾಗಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಹಸಿವು ಕೆರಳಿಸುವುದು ಗಾಂಜಾದ ಇನ್ನೊಂದು ಅಂಶ, ಮತ್ತೇರಿಸುವ ಟಿಎಚ್‌ಸಿ. ಸಿಬಿಡಿಯ ಕಥೆ ಬೇರೆ. ಅಪಸ್ಮಾರದ ತೀವ್ರ ಬಗೆಗಳಿಗೆಂದು ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಸಿಬಿಡಿ ಔಷಧ ಎಪಿಡಿಯೋಲೆಕ್ಸ್‌ನ ಅಡ್ಡಪರಿಣಾಮಗಳಲ್ಲಿ ಹಸಿವು ಕುಗ್ಗುವುದು, ತೂಕ ಇಳಿಯುವುದು, ಭೇದಿ, ಯಕೃತ್ತಿನ ಕಿಣ್ವಗಳ ಏರಿಕೆ ಎಲ್ಲವೂ ಇವೆ. ಊಟ ಬಿಟ್ಟು ಮೊದಲೇ ಸೊರಗಿರುವ ಹುಡುಗಿಗೆ ಇದನ್ನು ಮನೆಯವರೇ ತರಿಸಿ ಕೊಡುವುದು ಅಪಾಯಕಾರಿ.

ಆತಂಕದ ಮಾತು ಪೂರ್ತಿ ನಿರಾಧಾರವಲ್ಲ. 2011ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪ್ರಯೋಗವೊಂದರಲ್ಲಿ, ಸಾಮಾಜಿಕ ಆತಂಕವಿದ್ದ 24 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 600 ಮಿ.ಗ್ರಾಂ. ಸಿಬಿಡಿ ಕೊಟ್ಟು ಭಾಷಣ ಮಾಡಿಸಿದಾಗ ಅವರ ಆತಂಕ ತಗ್ಗಿತ್ತು. ಆದರೆ ಅದು ಒಂದೇ ಡೋಸು, ಸಭಾಭಯದ ಪರೀಕ್ಷೆ. ತಟ್ಟೆ ಮುಂದಿಟ್ಟಾಗ ಹುಟ್ಟುವ ಭಯದ್ದಲ್ಲ. ಅನೊರೆಕ್ಸಿಯಾ ಇರುವ ಯುವಜನರ ಆತಂಕಕ್ಕೆಂದೇ ಸಿಡ್ನಿ ವಿಶ್ವವಿದ್ಯಾಲಯದವರು ಕೈಗೆತ್ತಿಕೊಂಡದ್ದೂ ಪ್ರಾಥಮಿಕ ಹಂತದ ಸಣ್ಣ ಅಧ್ಯಯನವೇ.

ಮನೆಯಲ್ಲಿ ಯಾರಾದರೂ ಊಟಕ್ಕೆ ಹೆದರಿ ಸೊರಗುತ್ತಿದ್ದರೆ ದಯವಿಟ್ಟು ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.