ಹಾಕಾ ಮಾಡುವ ಮುನ್ನ ಯಾರನ್ನು ಕೇಳಿದಿರಿ?

ನ್ಯೂಜಿಲೆಂಡಿನ ವೆಲಿಂಗ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮವರ ಸಮಾರಂಭವೊಂದಕ್ಕೆ ಈಚೆಗೆ ಒಂದು ಸಲಹೆ ಬಂತು: ಯೂಟ್ಯೂಬ್ ನೋಡಿ, ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಹಾಡು ಕುಣಿತವಾದ ಹಾಕಾಗಳಲ್ಲೊಂದಾದ ‘ಕಾ ಮತೆ’ಯನ್ನು ಕಲಿಯೋಣ, ಹುಬ್ಬಿಗೆ ಹಚ್ಚುವ ಪೆನ್ಸಿಲ್‌ನಿಂದ ಮುಖದ ಮೇಲೆ ಗೆರೆ ಎಳೆದುಕೊಳ್ಳೋಣ, ಈ ನೆಲಕ್ಕೆ ಗೌರವ ಸಲ್ಲಿಸಿದಂತಾಗುತ್ತದೆ ಎಂದು. ಸಲಹೆ ಕೊಟ್ಟವರ ಮನಸ್ಸಿನಲ್ಲಿ ಪ್ರೀತಿಯೇ ಇತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ನಾನು ಬೇಡವೆಂದೆ, ಅದಕ್ಕೆ ಕಾರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

‘ಕಾ ಮತೆ’ ಯಾರದೂ ಅಲ್ಲದ ಜನಪದ ಹಾಡಲ್ಲ. 1820ರ ಸುಮಾರಿಗೆ ಶತ್ರುಗಳು ಬೆನ್ನಟ್ಟಿ ಬಂದಾಗ ಗೆಣಸು ಕೂಡಿಡುವ ಹಗೇವಿನಲ್ಲಿ ಅಡಗಿ, ಸಾವು ಬದುಕಿನ ನಡುವೆ ಉಸಿರು ಬಿಗಿಹಿಡಿದು, ಕೊನೆಗೆ ಬೆಳಕಿಗೆ ಬಂದ ಮಾವೋರಿ ಮುಖಂಡ ತೆ ರೌಪರಾಹಾ ಕಟ್ಟಿದ ಹಾಕಾ ಅದು. ಆತನ ಕುಲವಾದ ಙಾತಿ ತೋವಾ ಜನ ಇಂದಿಗೂ ಇಲ್ಲೇ ಪಕ್ಕದ ಪೋರಿರುವಾದಲ್ಲಿದ್ದಾರೆ. 2006ರಲ್ಲಿ ಇಟಲಿಯ ಫಿಯಟ್ ಕಾರಿನ ಜಾಹೀರಾತಿನಲ್ಲಿ ಹೆಂಗಸರಿಂದ ಇದೇ ಹಾಕಾ ಮಾಡಿಸಲಾಯಿತು. 2021ರಲ್ಲಿ ಲಸಿಕೆ ವಿರೋಧಿಗಳು ತಮ್ಮ ಪ್ರತಿಭಟನೆಗೆ ಇದನ್ನೇ ಎತ್ತಿಕೊಂಡಾಗ, ನಿಲ್ಲಿಸಿ ಎಂದು ಆ ಕುಲದವರು ಬಹಿರಂಗವಾಗಿ ಹೇಳಬೇಕಾಯಿತು. ಈ ಎರಡರ ನಡುವೆ, 2014ರಲ್ಲಿ, ಸಂಸತ್ತು ‘ಕಾ ಮತೆ’ಗಾಗಿಯೇ ಒಂದು ಕಾಯ್ದೆ ಮಾಡಿತು. ಅದು ಕೇಳುವುದು ಹಣವನ್ನಲ್ಲ. ವಾಣಿಜ್ಯ ಪ್ರಕಟಣೆಯಲ್ಲಿ, ಪ್ರಸಾರದಲ್ಲಿ, ಚಿತ್ರಗಳಲ್ಲಿ ಇದನ್ನು ಬಳಸುವವರು ಕಟ್ಟಿದವನ ಹೆಸರನ್ನೂ ಕುಲವನ್ನೂ ಹೇಳಬೇಕು, ಅಷ್ಟೇ. ವೇದಿಕೆಯ ಪ್ರದರ್ಶನಕ್ಕಂತೂ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಹಾಗಾಗಿ ನಾನು ಕಾನೂನಿನ ಮಾತನ್ನು ಆಡುತ್ತಿಲ್ಲ, ಗೌರವದ ಮಾತನ್ನು ಆಡುತ್ತಿದ್ದೇನೆ.

ಆಕ್ಲೆಂಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹುಲ್ಲಿನ ಲಂಗ ತೊಟ್ಟು, ಮೈಮೇಲೆ ಅಶ್ಲೀಲ ಚಿತ್ರ ಬರೆದುಕೊಂಡು, ವರ್ಷ ವರ್ಷವೂ ಅಣಕು ಹಾಕಾ ಮಾಡುತ್ತಿದ್ದರು. ಮಾವೋರಿ ವಿದ್ಯಾರ್ಥಿಗಳ ಸೌಮ್ಯವಾದ ಆಕ್ಷೇಪಗಳಿಗೆ ಯಾರೂ ಕಿವಿಗೊಡಲಿಲ್ಲ. 1979ರ ಮೇ 1ರಂದು ‘ಹೆ ತೌವಾ’ ಎಂಬ ತಂಡದ ಯುವಕ ಯುವತಿಯರು ಅಭ್ಯಾಸದ ಕೋಣೆಗೇ ನುಗ್ಗಿದರು. ಹೊಡೆದಾಟವಾಯಿತು, ಅವರಲ್ಲಿ ಹಲವರು ನ್ಯಾಯಾಲಯದ ಕಟಕಟೆ ಹತ್ತಿದರು, ಅಣಕು ಅಲ್ಲಿಗೆ ನಿಂತಿತು. ಶಾಲೆಯಲ್ಲಿ ತಾಯ್ನುಡಿ ಆಡಿದ್ದಕ್ಕೆ ಏಟು ತಿಂದವರ ಮಕ್ಕಳು ಮೊಮ್ಮಕ್ಕಳು ಅವರು. ಅವರ ಸಿಟ್ಟನ್ನು ಅತಿಯೆನ್ನಲು ನನಗೆ ನಾಲಗೆ ಬರುವುದಿಲ್ಲ.

ನ್ಯೂಜಿಲೆಂಡಿನ ರಗ್ಬಿ ತಂಡವಾದ ಆಲ್ ಬ್ಲ್ಯಾಕ್ಸ್ ಹಾಕಾ ಮಾಡುತ್ತದಲ್ಲ, ಅದರಲ್ಲಿ ಬಿಳಿಯರೂ ಇದ್ದಾರಲ್ಲ ಎಂದು ಒಬ್ಬರು ಕೇಳಿದರು. ನಿಜ. ಆದರೆ 1973ರಲ್ಲಿ ಬಾರ್ಬೇರಿಯನ್ಸ್ ವಿರುದ್ಧದ ಪಂದ್ಯಕ್ಕೆ ಮುನ್ನ ಅದೇ ತಂಡ ಮಾಡಿದ ಹಾಕಾವನ್ನು ನೋಡಿ: ಒಬ್ಬರ ಕೈ ಮೇಲಿದ್ದರೆ ಇನ್ನೊಬ್ಬರದು ಕೆಳಗೆ, ಕಾಲಿಗೂ ಮಾತಿಗೂ ತಾಳೆಯಿಲ್ಲ. 1987ರ ಹೊತ್ತಿಗೆ ಮಾವೋರಿ ಆಟಗಾರರಾದ ಬಕ್ ಶೆಲ್‌ಫರ್ಡ್ ಮತ್ತು ಹಿಕಾ ರೀಡ್, ಮಾಡುವುದಾದರೆ ಸರಿಯಾಗಿ ಮಾಡೋಣ, ಇಲ್ಲವಾದರೆ ಬೇಡ ಎಂದು ಪಟ್ಟು ಹಿಡಿದು ತಂಡಕ್ಕೆ ಕಲಿಸಿದರು. ಬಿಳಿಯ ಆಟಗಾರರು ಅಂದು ಮಾವೋರಿ ಗೆಳೆಯರ ಮುಂದೆ ನಿಂತು ಕಲಿತರು. ನನಗೆ ಮುಖ್ಯವೆನಿಸುವುದು ಆ ಕಲಿಕೆಯ ಸಂಬಂಧ.

ಹೊರಗಿನವರು ಹಾಕಾ ಮುಟ್ಟಲೇಬಾರದು ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ನನ್ನ ಮಗಳು ಶಾಲೆಯ ಕಪಾ ಹಾಕಾ, ಅಂದರೆ ಮಾವೋರಿ ಹಾಡು ಕುಣಿತದ, ತಂಡದಲ್ಲಿದ್ದಾಳೆ. ಬೆರಳುಗಳನ್ನು ಸಣ್ಣಗೆ ಅದುರಿಸುವ ‘ವಿರಿ’ಯನ್ನು ಕಲಿಸುವ ಮುನ್ನ ಅವಳ ಶಿಕ್ಷಕಿ ಮಕ್ಕಳನ್ನು ಕೂರಿಸಿ, ಸೂರ್ಯನಿಗೂ ಬೇಸಿಗೆಯ ಒಡತಿ ಹಿನೆ ರೌಮತಿಗೂ ಹುಟ್ಟಿದ ತಾನೆರೋರೆ ತಾಯಿಗಾಗಿ ಕುಣಿದದ್ದನ್ನೂ, ಬಿಸಿಲಿನಲ್ಲಿ ನೆಲದ ಮೇಲಿನ ಗಾಳಿ ನಡುಗುವುದು ಆ ಕುಣಿತವೇ ಎಂಬುದನ್ನೂ ಹೇಳಿದರಂತೆ. ಮಗಳು ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಭ್ಯಾಸ ಮಾಡುವಾಗ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಹರಿಯುವ ಆ ಕಂಪನವನ್ನು ನೋಡುತ್ತ ನಾನು ಒಲೆಯ ಮೇಲಿನ ಸಾರನ್ನು ಮರೆಯುತ್ತೇನೆ. 2019ರ ಮಾರ್ಚ್‌ನಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನ ಹತರಾದಾಗ, ಬೇರೆ ಬೇರೆ ಮೂಲದ ಶಾಲಾಮಕ್ಕಳು ಒಟ್ಟಾಗಿ ಹಾಕಾ ಮಾಡಿ ಶೋಕಿಸಿದ್ದೂ ಇದೇ ದೇಶದಲ್ಲಿ.

ದೈವದ ವೇಷ ತೊಟ್ಟು ಯಾರೋ ವೇದಿಕೆಯಲ್ಲಿ ಕೂಗು ಹಾಕಿದರೆ ತುಳುನಾಡಿನವರಿಗೆ ಏಕೆ ನೋವಾಗುತ್ತದೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮಾವೋರಿಗಳ ಮುಖದ ಮೇಲಿನ ಹಚ್ಚೆಯಾದ ‘ಮೊಕೊ’ ಕೂಡ ಅಲಂಕಾರವಲ್ಲ, ಅದು ಧರಿಸಿದವರ ವಂಶಾವಳಿ. ಮಾವೋರಿ ಕಲಾವಿದರು ಪ್ರದರ್ಶನಕ್ಕೆಂದು ಅದನ್ನು ಬಣ್ಣದಲ್ಲಿ ಬರೆದುಕೊಳ್ಳುವುದುಂಟು, ಆದರೆ ಅದು ಅವರ ಹಕ್ಕು. ನಾವು ಪೆನ್ಸಿಲ್‌ನಲ್ಲಿ ಗೀಚಿಕೊಂಡರೆ ಯಾರ ಅಜ್ಜ ಅಜ್ಜಿಯರನ್ನು ಮುಖದ ಮೇಲೆ ಹೊತ್ತು ನಿಂತಂತೆ?

ಆದ್ದರಿಂದ ಸಂಘಟಕರಲ್ಲಿ ನನ್ನ ವಿನಂತಿ ಇಷ್ಟು: ಹಾಕಾ ಬೇಕೇ ಬೇಕೆನಿಸಿದರೆ ಮೊದಲು ಙಾತಿ ತೋವಾ ಹಿರಿಯರನ್ನು ಕಂಡು ಕೇಳೋಣ, ಅವರು ಕಲಿಸಲು ಒಪ್ಪಿದರೆ ಅವರು ಹೇಳಿದಷ್ಟು ಕಾಲ ಕಲಿಯೋಣ, ನಿರೂಪಕರು ತೆ ರೌಪರಾಹಾನ ಹೆಸರು ಹೇಳಿಯೇ ಪರದೆ ಸರಿಸಲಿ. ಅವರು ಬೇಡವೆಂದರೆ ಆ ಹತ್ತು ನಿಮಿಷವನ್ನು ಕೋಲಾಟದವರಿಗೆ ಕೊಡೋಣ, ಆ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಊಟಕ್ಕೂ ಕರೆಯೋಣ.