ಸತ್ಯಾಂಶ: ಕೂಡಿಕೊಂಡ ತೊಡೆಮೂಳೆಯೇ ನಾಗರಿಕತೆಯ ಮೊದಲ ಗುರುತೇ?

ಹಾಸನದ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಈ ವಾರ ಒಂದು ಹಳೆಯ ಫಾರ್ವರ್ಡ್ ಮತ್ತೆ ಬಂತು. ನಾಗರಿಕತೆಯ ಮೊದಲ ಗುರುತು ಯಾವುದೆಂದು ಕೇಳಿದಾಗ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಮಡಕೆ, ಬೀಸುಕಲ್ಲು ಯಾವುದನ್ನೂ ಹೇಳದೆ, 'ಮುರಿದು ಕೂಡಿಕೊಂಡ ತೊಡೆಮೂಳೆ' ಎಂದರಂತೆ. ಯಾರೋ ಜೊತೆಗಿದ್ದು ಆರೈಕೆ ಮಾಡಿದ್ದಕ್ಕೆ ಅದೇ ಸಾಕ್ಷಿಯಂತೆ.

ಕೇಳಲು ಹಿತವಾಗಿದೆ. ಆದರೆ ಮೀಡ್ ಹೀಗೆಂದ ದಾಖಲೆ ಸಿಕ್ಕಿಲ್ಲ. ಅವರು ತೀರಿಕೊಂಡದ್ದು 1978ರಲ್ಲಿ. ಕಥೆ ಎಲ್ಲೆಡೆ ಹಬ್ಬಿದ್ದು ಆಮೇಲೆ. ಇಂಥದೇ ಪ್ರಶ್ನೆಗೆ ಅವರು ಸಂದರ್ಶನವೊಂದರಲ್ಲಿ ಕೊಟ್ಟ ಉತ್ತರವೇ ಬೇರೆ: ದೊಡ್ಡ ನಗರಗಳು, ಕಸುಬುಗಳ ವಿಂಗಡಣೆ, ದಾಖಲೆ ಇಡುವ ಯಾವುದಾದರೊಂದು ಪದ್ಧತಿ.

ಮೂಳೆಯ ವಾದವೂ ನಿಲ್ಲುವುದಿಲ್ಲ. ಇರಾಕಿನ ಶಾನಿದಾರ್ ಗುಹೆಯಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಾಲ್ (ಅಳಿದುಹೋದ ಪ್ರಾಚೀನ ಮಾನವ ಗುಂಪು) ಮನುಷ್ಯನ ಅಸ್ಥಿಯಲ್ಲಿ ದೊಡ್ಡ ಪೆಟ್ಟುಗಳು ವಾಸಿಯಾದ ಗುರುತುಗಳಿವೆ. ಆತ 40,000 ವರ್ಷಗಳಿಗೂ ಹಿಂದಿನವನು. ಆಗ ಎಲ್ಲಿಯೂ ನಗರವಿರಲಿಲ್ಲ. ಅಂದರೆ ಆರೈಕೆ ನಾಗರಿಕತೆಗಿಂತ ಬಹಳ ಹಳೆಯದು. ನನಗಂತೂ ಫಾರ್ವರ್ಡ್‌ಗಿಂತ ಇದೇ ಹೆಚ್ಚು ಖುಷಿಯ ಸಂಗತಿ.

ಇನ್ನು ಮೀಡ್ ಹೇಳಿದ ದಾಖಲೆಯ ಮಾತು. ಅದೇ ಇರಾಕಿನ ಪುರಾತನ ನಗರ ಉರುಕ್‌ನಲ್ಲಿ ಕ್ರಿ.ಪೂ. 3200ರ ಸುಮಾರಿಗೆ ಬರಹ ಮೂಡಿದ್ದು ಕಾವ್ಯಕ್ಕಲ್ಲ, ಧಾನ್ಯ, ಬಿಯರ್, ಕುರಿಗಳ ಲೆಕ್ಕಕ್ಕೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವೂ ದಾನದ ದಾಖಲೆಯೇ ತಾನೇ? ಹಾಗಂತ ಲಿಪಿ ಕಡ್ಡಾಯವೇನಲ್ಲ: ಇಂಕಾಗಳು ದಾರದ ಗಂಟುಗಳಲ್ಲೇ ಲೆಕ್ಕವಿಟ್ಟು ಸಾಮ್ರಾಜ್ಯ ನಡೆಸಿದರು.

ಧಾನ್ಯ, ಅದರ ಲೆಕ್ಕ ಇಷ್ಟು ಮುಖ್ಯವಾದರೂ ಕಾದಂಬರಿಗಳ ಕಲ್ಪಿತ ರಾಜ್ಯಗಳಲ್ಲಿ ಅರಮನೆ, ಕೋಟೆ ಎಲ್ಲ ಇರುತ್ತವೆ, ಕಣಜ ಕಾಣುವುದೇ ಅಪರೂಪ. ಅಲ್ಲಿನ ಸೈನಿಕರು ಏನು ತಿನ್ನುತ್ತಾರೋ!