ಸಿಎಸ್‌ಆರ್ ಒಂದನ್ನೇ ನಂಬಿದರೆ ಸಾಲದು

ವಿದೇಶಿ ನೆರವು ಕಡಿಮೆಯಾದರೂ ವೈದ್ಯಕೀಯ ಸಂಶೋಧನಾ ಸಂಸ್ಥೆಗಳನ್ನು ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಯಾಗಿ ಖರ್ಚು ಮಾಡುವ ಹಣ, ಉಳಿಸುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2021ರ ನಿಯಮದ ಪ್ರಕಾರ ಸಿಎಸ್‌ಆರ್‌ನ ಒಂದು ಯೋಜನೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ ನಡೆಯಬಹುದು. ಮರೆವಿನ ಕಾಯಿಲೆಯ ಸಂಶೋಧನೆ ಅಷ್ಟರಲ್ಲಿ ಮುಗಿಯುತ್ತಾ? ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ಅದೇ ಹಿರಿಯರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆ. ಇನ್ಫೊಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ದೊಡ್ಡ ಮೊತ್ತವನ್ನು ದೀರ್ಘಾವಧಿಗೆ ಕೊಟ್ಟಿದ್ದರಿಂದ ಅಂಥ ಕೆಲಸಕ್ಕೆ ಬಲ ಬಂತು. ಎಲ್ಲರಿಗೂ ಅಂಥ ದಾನಿ ಸಿಗುವುದಿಲ್ಲ, ಅದು ಬೇರೆ ಮಾತು.

ನಾನು ಒಂದು ಸಣ್ಣ ಟ್ರಸ್ಟಿನ ಲೆಕ್ಕಪತ್ರ ನೋಡುತ್ತೇನೆ. ಯಂತ್ರ ಕೊಡಿಸಿ ಅಂದರೆ ಕಂಪನಿಯವರು ಖುಷಿಯಿಂದ ಬರುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದಲ್ವಾ! ಆ ಯಂತ್ರ ನಡೆಸುವವರ ಸಂಬಳ ಕೇಳಿದರೆ ಮಾತ್ರ ಉತ್ತರವೇ ಇಲ್ಲ. ಹಾಗಾಗಿ ಸಿಎಸ್‌ಆರ್ ಹಣವನ್ನು ಉಪಕರಣಕ್ಕೆ ಇಟ್ಟುಕೊಳ್ಳಿ. ಸಂಬಳಕ್ಕೆ ಸರ್ಕಾರಿ ಅನುದಾನದ ಜೊತೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುವ ಜನರನ್ನು ಹುಡುಕಿ. ರೋಗಿಗಳ ಮನೆಯವರೇ ಎಷ್ಟೋ ಸಲ ಕೊಡಲು ಸಿದ್ಧರಿರುತ್ತಾರೆ, ಅವರನ್ನು ಯಾರೂ ಕೇಳುವುದೇ ಇಲ್ಲ. ನಿಮ್ಮ ಲೇಖನದಲ್ಲೂ ಅವರ ಮಾತಿಲ್ಲ.